ಒಂದು ಸಂಜೆ, ಏಳು ಬಾಟಲಿ: ಪುಣೆಯಲ್ಲಿ ದಕ್ಷಿಣ ಟಿರೋಲಿನ ವೈನ್

ನವೆಂಬರ್ ಕೊನೆಯ ಶನಿವಾರ ಪುಣೆಯ ಕೋರೆಗಾಂವ್ ಪಾರ್ಕಿನ ಹಳೆಯ ಬಂಗಲೆಯೊಂದರ ಮಹಡಿಯಲ್ಲಿ ನಡೆದ ವೈನ್ ರುಚಿಗೋಷ್ಠಿಗೆ ಹೋಗಿದ್ದೆ. ಆಲ್ಪ್ಸ್ ಪರ್ವತಗಳ ದಕ್ಷಿಣದ ಮಡಿಲಲ್ಲಿ, ಇಟಲಿಯ ಉತ್ತರದ ತುದಿಯಲ್ಲಿರುವ ದಕ್ಷಿಣ ಟಿರೋಲ್ ಪ್ರಾಂತ್ಯದ ಏಳು ವೈನ್‌ಗಳನ್ನು ಅಲ್ಲಿನ ಮಣ್ಣು ಮತ್ತು ಹವಾಮಾನದ ವಿವರಣೆಯೊಂದಿಗೆ ರುಚಿ ನೋಡಿಸುವುದು ಗೋಷ್ಠಿಯ ಉದ್ದೇಶವಾಗಿತ್ತು. ತಲಾ 4,200 ರೂಪಾಯಿ ಶುಲ್ಕ, ಹನ್ನೆರಡು ಮಂದಿಗೆ ಮಾತ್ರ ಅವಕಾಶ, ಎರಡೂವರೆ ಗಂಟೆಯ ಅವಧಿ. ಬಾಗಿಲಲ್ಲೇ ವಯಸ್ಸಿನ ದಾಖಲೆ ನೋಡಿ ಒಳಗೆ ಬಿಡುತ್ತಾರೆ. ನಡೆಸುವವರು ಧಾರವಾಡ ಮೂಲದ ಕನ್ನಡತಿ ಮತ್ತು ಅವರ ಮರಾಠಿ ಪತಿ. ಪರಿಚಿತರ ಮೂಲಕವೇ ಸೀಟುಗಳು ತುಂಬುವುದರಿಂದ ಹೆಸರು ಅಚ್ಚಾಗುವುದು ಬೇಡವೆಂದು ಅವರು ಕೇಳಿಕೊಂಡಿದ್ದಾರೆ, ಹಾಗಾಗಿ ಇಲ್ಲಿ ಹೆಸರು ಕೊಡುತ್ತಿಲ್ಲ. ಆ ಸಂಜೆಯ ಹನ್ನೆರಡು ಮಂದಿಯಲ್ಲಿ ಒಂಬತ್ತು ಜನ ಪುಣೆಯ ಕನ್ನಡಿಗರೇ ಆಗಿದ್ದರಿಂದ ವಿವರಣೆ ಬಹುಪಾಲು ಕನ್ನಡದಲ್ಲೇ ನಡೆಯಿತು.

ನಾನು ವೈನ್ ಪಂಡಿತನಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಮನೆಯವನು. ಕೆಲಸದ ನಿಮಿತ್ತ ಪುಣೆಗೆ ಬಂದು ಇಪ್ಪತ್ತೆರಡು ವರ್ಷಗಳಾದವು. ನಮ್ಮ ಮನೆಯ ಥಾಮ್ಸನ್ ಸೀಡ್‌ಲೆಸ್ ಎಂಬ ಬೀಜವಿಲ್ಲದ ದ್ರಾಕ್ಷಿಯೆಲ್ಲ ಮಣೂಕವಾಗಿ, ಎಂದರೆ ಒಣದ್ರಾಕ್ಷಿಯಾಗಿ, ಮಾರುಕಟ್ಟೆಗೆ ಹೋಗುತ್ತದೆ. ಕಪ್ಪು ಮಣ್ಣಿನ ಎರಿ ಹೊಲದ ಹಣ್ಣಿಗೂ ಕಲ್ಲು ಬೆರೆತ ತೆಳು ಮಣ್ಣಿನ ಮಡ್ಡಿ ಹೊಲದ ಹಣ್ಣಿಗೂ ಇರುವ ಅಂತರವನ್ನು ಚಿಕ್ಕಂದಿನಿಂದ ತಿಂದು ತಿಳಿದವನಾದ್ದರಿಂದ, ಆ ಅಂತರ ಲೋಟದವರೆಗೂ ಹೇಗೆ ಉಳಿದು ಬರುತ್ತದೆ ಎಂಬುದನ್ನು ನೋಡುವ ಆಸೆ ನನಗಿತ್ತು. ಈ ವಿಮರ್ಶೆಯನ್ನು ಆ ದೃಷ್ಟಿಯಿಂದಲೇ ಓದಬೇಕು.

ಗೋಷ್ಠಿಯ ಆರಂಭ ಬಹಳ ಚೆನ್ನಾಗಿತ್ತು. ಬಾಟಲಿ ಮುಟ್ಟುವ ಮೊದಲು ಮೇಜಿನ ಮೇಲೆ ದೊಡ್ಡದೊಂದು ನಕ್ಷೆ ಹಾಸಿ, ಪ್ರಾಂತ್ಯದ ಮುಖ್ಯ ನಗರ ಬೊಲ್ಜಾನೊ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿರಬಹುದು ಎಂದು ಕೇಳಿದರು. ಆಲ್ಪ್ಸ್ ಎಂದೊಡನೆ ಹಿಮದ ಶಿಖರಗಳೇ ಕಣ್ಮುಂದೆ ಬರುವುದರಿಂದ ನಮ್ಮಲ್ಲಿ ಹೆಚ್ಚಿನವರು ಸಾವಿರ ಮೀಟರಿಗಿಂತ ಕಡಿಮೆ ಹೇಳಲಿಲ್ಲ. ವಾಸ್ತವದಲ್ಲಿ ಬೊಲ್ಜಾನೊ ಇರುವುದು ಸುಮಾರು 260 ಮೀಟರ್ ಎತ್ತರದಲ್ಲಿ, ಎಂದರೆ ನಾವು ಕುಳಿತಿದ್ದ ಪುಣೆಯ ಅರ್ಧಕ್ಕಿಂತ ಕಡಿಮೆ. ಸುತ್ತಲೂ ಬೆಟ್ಟಗಳಿರುವ ಬೋಗುಣಿಯಂಥ ತಗ್ಗಾದ್ದರಿಂದ ಬೇಸಿಗೆಯಲ್ಲಿ ಅದು ಇಟಲಿಯ ಅತಿ ಸೆಕೆಯ ನಗರಗಳ ಸಾಲಿಗೆ ಸೇರುತ್ತದೆ. ಉತ್ತರದ ಪರ್ವತಸಾಲು ಶೀತಗಾಳಿಯನ್ನು ತಡೆಯುತ್ತದೆ. ದಕ್ಷಿಣಕ್ಕೆ ತೆರೆದುಕೊಂಡ ಆದಿಜೆ ನದಿಯ ಕಣಿವೆ ಮೆಡಿಟರೇನಿಯನ್ ಕಡೆಯ ಬಿಸಿಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಾರ್ಡಾ ಸರೋವರದ ಕಡೆಯಿಂದ ಓರಾ ಎಂಬ ಗಾಳಿ ಕಣಿವೆಯುದ್ದಕ್ಕೂ ಬೀಸಿ ಎಲೆಗಳನ್ನು ಒಣಗಿಸುವುದರಿಂದ ಬೂಷ್ಟು ರೋಗದ ಹಾವಳಿ ತಗ್ಗುತ್ತದೆ. ಸೂರ್ಯ ಮುಳುಗಿದ ಮೇಲೆ ಎತ್ತರದ ತಣ್ಣನೆಯ ಗಾಳಿ ಇಳಿಜಾರಿನ ತೋಟಗಳ ನಡುವೆ ಹರಿದು ಕೆಳಗಿಳಿಯುತ್ತದೆ.

ಕಣಿವೆಯ ತಳದಲ್ಲಿ ಬಹುಪಾಲು ಸೇಬಿನ ತೋಟಗಳು, ಇಳಿಜಾರುಗಳಲ್ಲಿ ದ್ರಾಕ್ಷಿ. ಬಳ್ಳಿಗಳು ಸುಮಾರು 200 ಮೀಟರಿನಿಂದ 1,000 ಮೀಟರಿನವರೆಗೂ ಏರಿವೆ. ನೂರು ಮೀಟರ್ ಏರಿದರೆ ತಾಪ ಸುಮಾರು 0.6 ಡಿಗ್ರಿ ಇಳಿಯುತ್ತದೆ ಎಂದು ಲೆಕ್ಕ ಹಾಕಿದರೆ, 250 ಮೀಟರಿನ ತೋಟಕ್ಕೂ 900 ಮೀಟರಿನ ತೋಟಕ್ಕೂ ಸುಮಾರು ನಾಲ್ಕು ಡಿಗ್ರಿ ವ್ಯತ್ಯಾಸ. ಒಂದೇ ಬೆಟ್ಟದ ಬುಡದಲ್ಲಿ ಸೆಕೆ ಬೇಡುವ ಕಪ್ಪು ದ್ರಾಕ್ಷಿಯೂ ನೆತ್ತಿಯಲ್ಲಿ ತಂಪು ಬೇಡುವ ಬಿಳಿ ದ್ರಾಕ್ಷಿಯೂ ಬೆಳೆಯುವುದು ಇದರಿಂದಲೇ. ಇಟಲಿಯ ಒಟ್ಟು ವೈನಿನಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ ಈ ಚಿಕ್ಕ ಪ್ರಾಂತ್ಯ ಇಷ್ಟೊಂದು ಬಗೆಯ ದ್ರಾಕ್ಷಿಗಳನ್ನು ಸಾಕುತ್ತಿರುವುದಕ್ಕೆ ಈ ಏರಿಳಿತವೇ ಮುಖ್ಯ ಕಾರಣ.

ಬಾಟಲಿ ಕೊಳ್ಳುವವರಿಗೆ ನೆರವಾಗುವ ಒಂದು ಮಾತನ್ನು ಇಲ್ಲೇ ಸೇರಿಸುತ್ತೇನೆ. ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾಕ್ಕೆ ಸೇರಿದ್ದ ಈ ನಾಡಿನಲ್ಲಿ ಜರ್ಮನ್ ಮತ್ತು ಇಟಾಲಿಯನ್ ಎರಡೂ ಬಳಕೆಯಲ್ಲಿರುವುದರಿಂದ ಪ್ರಾಂತ್ಯಕ್ಕೂ ಊರಿಗೂ ಹಣ್ಣಿಗೂ ಎರಡೆರಡು ಹೆಸರುಗಳಿವೆ. ಸ್ಯೂಡ್‌ಟಿರೋಲ್ ಎಂದರೂ ಆಲ್ಟೊ ಆದಿಜೆ ಎಂದರೂ ಒಂದೇ. ವೈಸ್‌ಬುರ್ಗುಂಡರ್ ಎಂದರೆ ಪಿನೊ ಬಿಯಾಂಕೊ ಎಂಬ ಬಿಳಿ ದ್ರಾಕ್ಷಿ, ಫೆರ್ನಾಚ್ ಎಂದರೆ ಸ್ಕಿಯಾವಾ ಎಂಬ ಕಪ್ಪು ದ್ರಾಕ್ಷಿ. ಬೆಳಗಾವಿ ಕಡೆಯ ಬಸ್ ನಿಲ್ದಾಣಗಳಲ್ಲಿ ಎರಡು ಭಾಷೆಯ ಫಲಕ ಓದುತ್ತ ಬೆಳೆದವರಿಗೆ ಇದು ಬೇಗ ಒಗ್ಗುತ್ತದೆ.

ಮೊದಲ ಲೋಟ ಐಸಾಕ್ ಕಣಿವೆಯ ಕೆರ್ನರ್ ಎಂಬ ಬಿಳಿ ದ್ರಾಕ್ಷಿಯ ವೈನ್. ಬ್ರಿಕ್ಸೆನ್ ಪಟ್ಟಣದ ಬಳಿ, 1142ರಲ್ಲಿ ಸ್ಥಾಪನೆಯಾಗಿ ಇಂದಿಗೂ ವೈನ್ ತಯಾರಿಸುತ್ತಿರುವ ನೊವಾಚೆಲ್ಲಾ ಎಂಬ ಮಠವಿದೆ. ಅದರ ಸುತ್ತಮುತ್ತಲಿನ ಕಡಿದಾದ ತೋಟಗಳಲ್ಲಿ ನೆಲವೆಲ್ಲ ಪದರಪದರವಾಗಿ ಒಡೆಯುವ ಸ್ಫಟಿಕ ಮಿಶ್ರಿತ ಶಿಸ್ಟ್ ಶಿಲೆಯದು. ಮಣ್ಣು ತೆಳು, ನೀರು ನಿಲ್ಲುವುದಿಲ್ಲ, ರಾತ್ರಿಗಳು ತಣ್ಣಗಿರುತ್ತವೆ. ದುರದೃಷ್ಟವಶಾತ್ ಈ ವೈನನ್ನು ಫ್ರಿಜ್ಜಿನಿಂದ ತೆಗೆದ ತಕ್ಷಣ ಸುರಿದದ್ದರಿಂದ ಮೊದಲ ಐದು ನಿಮಿಷ ಶೀತದ ಹೊರತು ಏನೂ ತಿಳಿಯಲಿಲ್ಲ. ಅಂಗೈಯಲ್ಲಿ ಲೋಟ ಹಿಡಿದು ಕಾದ ಮೇಲೆ ಹಸಿರು ಸೇಬು, ಲಿಂಬೆ ಸಿಪ್ಪೆ ಮತ್ತು ಒಣಹುಲ್ಲಿನ ಬಣವೆಯ ಬಳಿ ಬರುವಂಥ ಪರಿಮಳ ಮೇಲೆದ್ದಿತು. ಹುಳಿ ಸ್ಪಷ್ಟವಾಗಿತ್ತು, ಆದರೆ ಚುಚ್ಚುವಂತಿರಲಿಲ್ಲ.

ಆ ಹುಳಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಮಟ್ಟಿಗೆ ಇಡೀ ಸಂಜೆಯ ತಿರುಳು ಅದೇ. ದ್ರಾಕ್ಷಿ ಹಣ್ಣಾಗುವಾಗ ಸಕ್ಕರೆ ಏರುತ್ತದೆ, ಹುಳಿ ಕೊಡುವ ಮ್ಯಾಲಿಕ್ ಆಮ್ಲ ಇಳಿಯುತ್ತದೆ. ಈ ಆಮ್ಲವನ್ನು ಹಣ್ಣು ತನ್ನ ಉಸಿರಾಟದಲ್ಲಿ ವ್ಯಯ ಮಾಡುತ್ತದೆ. ಸೆಕೆ ಹೆಚ್ಚಾದಷ್ಟೂ ಆ ವ್ಯಯದ ವೇಗ ಹೆಚ್ಚು. ರಾತ್ರಿ ತಣ್ಣಗಾದರೆ ಅದು ನಿಧಾನವಾಗಿ, ಹಗಲಿನ ಬಿಸಿಲಿನಿಂದ ಸಕ್ಕರೆ ತುಂಬುವವರೆಗೂ ಹುಳಿ ಹಣ್ಣಿನಲ್ಲೇ ಉಳಿಯುತ್ತದೆ. ಆಲ್ಪ್ಸ್‌ನಲ್ಲಿ ಕೊಯ್ಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲಿ, ಎಂದರೆ ದಿನದಿನಕ್ಕೂ ಹವೆ ತಣ್ಣಗಾಗುತ್ತಿರುವ ಕಾಲದಲ್ಲಿ. ನಮ್ಮಲ್ಲಿ ಹಾಗಲ್ಲ. ದಖ್ಖನಿನಲ್ಲಿ ಬಳ್ಳಿ ಚಳಿಗಾಲದ ನಿದ್ದೆಗೆ ಜಾರುವುದೇ ಇಲ್ಲವಾದ್ದರಿಂದ ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್ ಸುಮಾರಿಗೆ ಮತ್ತೊಮ್ಮೆ ಚಾಟ್ನಿ ಮಾಡಿ, ಎಂದರೆ ಬಳ್ಳಿಯ ಕಡ್ಡಿಗಳನ್ನು ಕತ್ತರಿಸಿ, ನಾವೇ ಅದಕ್ಕೆ ಋತುವನ್ನು ಕಟ್ಟಿಕೊಡುತ್ತೇವೆ. ಹಣ್ಣು ಮಾಗುವುದು ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ, ಬಿಸಿಲು ದಿನದಿನಕ್ಕೂ ಏರುತ್ತಿರುವಾಗ. ಅಲ್ಲಿ ಹಣ್ಣು ತಂಪಿನ ಕಡೆಗೆ ನಡೆಯುತ್ತ ಮಾಗುತ್ತದೆ, ಇಲ್ಲಿ ಬಿಸಿಲಿನ ಕಡೆಗೆ ನಡೆಯುತ್ತ ಮಾಗುತ್ತದೆ. ಈ ಮಾತನ್ನು ನಾನು ಗೋಷ್ಠಿಯಲ್ಲಿ ಹೇಳಿದಾಗ ಆತಿಥೇಯರು ಪಟ್ಟಿಯಲ್ಲಿಲ್ಲದ ನಾಸಿಕದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಒಂದನ್ನು ತೆರೆದು ಕೆರ್ನರ್ ಪಕ್ಕದಲ್ಲಿ ಇಟ್ಟರು. ನಾಸಿಕದ್ದು ಮಾಗಿದ ಸೀಬೆಹಣ್ಣಿನ ಕಡೆಗೆ ವಾಲಿದ, ತಾನೇ ತಾನಾಗಿ ಸೊಗಸಾದ ವೈನ್. ಆದರೆ ಅದರ ಹುಳಿ ನಾಲಿಗೆಯ ಮೇಲೆ ಬೇಗ ಮುಗಿಯಿತು, ಕೆರ್ನರ್‌ನದು ಉದ್ದಕ್ಕೆ ಉಳಿಯಿತು. ದ್ರಾಕ್ಷಿ ಬೇರೆಯಾದ್ದರಿಂದ ಇದನ್ನು ಪಕ್ಕಾ ಹೋಲಿಕೆ ಎನ್ನಲಾಗದು. ಆದರೂ ಕೇಳಿದ ಪ್ರಶ್ನೆಗೆ ಬಾಟಲಿ ತೆರೆದು ಉತ್ತರ ಕೊಡುವ ಔದಾರ್ಯ ನನಗೆ ತುಂಬ ಹಿಡಿಸಿತು.

ಎರಡನೆಯ ಮತ್ತು ಮೂರನೆಯ ಲೋಟಗಳು ಜೋಡಿಯಾಗಿ ಬಂದವು. ಎರಡೂ ಪಿನೊ ಬಿಯಾಂಕೊ, ಎರಡೂ ಒಂದೇ ವರ್ಷದ ಕೊಯ್ಲು. ಒಂದು ಬೊಲ್ಜಾನೊ ಪಕ್ಕದ ತೆರ್ಲಾನೊ ಊರಿನದು. ಇನ್ನೊಂದು ಆದಿಜೆಯ ಆಚೆ ದಡದ ಅಪ್ಪಿಯಾನೊ ಕಡೆಯ, ಮೆಂಡೋಲಾ ಬೆಟ್ಟದ ಕೆಳಗಿನ ಎತ್ತರದ ತೋಟದ್ದು. ತೆರ್ಲಾನೊದ ನೆಲ ಕೆಂಪು ಪೊರ್ಫಿರಿ, ಸುಮಾರು 28 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಗಳು ಉಗುಳಿದ ಶಿಲೆ. ಅಪ್ಪಿಯಾನೊದ್ದು ಸುಣ್ಣಕಲ್ಲಿನ ಚೂರುಗಳೂ ಹಿಮನದಿಗಳು ತಂದು ಸುರಿದ ಕಲ್ಲುಮಣ್ಣೂ ಬೆರೆತ ನೆಲ. ತೆರ್ಲಾನೊದ್ದು ಅಗಲವಾಗಿ ಬಾಯಿ ತುಂಬಿ, ಕೊನೆಯಲ್ಲಿ ಉಪ್ಪಿನ ನೆನಪು ತರುವಂತಿತ್ತು. ಅಪ್ಪಿಯಾನೊದ್ದು ತೆಳ್ಳಗೆ, ನೆಟ್ಟಗೆ, ಮರಸೇಬು ಕಚ್ಚಿದಂತೆ ಗರಿಗರಿಯಾಗಿತ್ತು. 1893ರಲ್ಲಿ ಆರಂಭವಾದ ತೆರ್ಲಾನೊದ ಬೆಳೆಗಾರರ ಸಹಕಾರಿ ಸಂಘವು ದಶಕಗಟ್ಟಲೆ ಇಟ್ಟರೂ ಕೆಡದ ಬಿಳಿ ವೈನ್‌ಗಳಿಗೆ ಹೆಸರಾಗಿದೆ ಎಂಬುದನ್ನು ಓದಿ ತಿಳಿದಿದ್ದೆ. ಆ ಬಾಳಿಕೆಯ ಬಲ ಯಾವುದಿರಬಹುದು ಎಂಬುದರ ಸುಳಿವು ಅಂದು ಬಾಯಿಗೇ ಸಿಕ್ಕಿತು.

ಇಲ್ಲಿಯೇ ಆತಿಥೇಯರೊಂದಿಗೆ ನನ್ನ ಮುಖ್ಯ ಭಿನ್ನಾಭಿಪ್ರಾಯವೂ ಹುಟ್ಟಿತು. ತೆರ್ಲಾನೊ ವೈನಿನ ಆ ಉಪ್ಪಿನಂಥ ಕೊನೆಗೆ ಪೊರ್ಫಿರಿ ಕಲ್ಲಿನ ರುಚಿಯೇ ಕಾರಣ, ಬೇರು ಅದನ್ನು ಹೀರಿ ಹಣ್ಣಿಗೆ ಕೊಡುತ್ತದೆ ಎಂದು ಅವರು ವಿವರಿಸಿದರು. ಮಾರಾಟದ ಕರಪತ್ರಗಳಲ್ಲಿ ಈ ಮಾತು ಎಲ್ಲೆಡೆ ಸಿಗುತ್ತದೆ, ಕೇಳಲು ಸುಂದರವೂ ಹೌದು, ಆದರೆ ಸರಿಯಲ್ಲ. ಬೇರು ಹೀರುವುದು ನೀರನ್ನು ಮತ್ತು ಅದರಲ್ಲಿ ಕರಗಿದ ಪೋಷಕಾಂಶಗಳನ್ನು. ಬಂಡೆಗೆ ತನ್ನದೇ ಆದ ರುಚಿಯೂ ಇಲ್ಲ, ಅದು ಬಳ್ಳಿಯೊಳಗೆ ಏರಿ ಬರುವ ದಾರಿಯೂ ಇಲ್ಲ. ಮಣ್ಣು ಮಾಡುವ ಕೆಲಸ ಬೇರೆಯದು, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ಕಲ್ಲಿನ ರುಚಿಯ ಕಥೆಗಿಂತ ಹೆಚ್ಚು ವಿಸ್ಮಯಕಾರಿ. ಎಷ್ಟು ನೀರು ಹಿಡಿಯಬೇಕು, ಎಷ್ಟು ಬೇಗ ಬಿಡಬೇಕು, ಹಗಲಿನ ಬಿಸಿಯನ್ನು ಎಷ್ಟು ಹೊತ್ತು ಉಳಿಸಿಕೊಳ್ಳಬೇಕು, ಸಾರಜನಕ ಎಷ್ಟು ಕೊಡಬೇಕು ಎಂಬುದನ್ನೆಲ್ಲ ಮಣ್ಣು ನಿರ್ಧರಿಸುತ್ತದೆ. ಅದರ ಪ್ರಕಾರ ಬಳ್ಳಿ ಎಲೆ ಬೆಳೆಸುತ್ತದೋ ಹಣ್ಣಿಗೆ ಗಮನ ಕೊಡುತ್ತದೋ, ಕಾಳು ದಪ್ಪವಾಗುತ್ತದೋ ಚಿಕ್ಕದಾಗಿ ಸಿಪ್ಪೆ ಗಟ್ಟಿಯಾಗುತ್ತದೋ ಎಂಬುದು ತೀರ್ಮಾನವಾಗುತ್ತದೆ. ನಮ್ಮ ತಂದೆ ಇದನ್ನು ಒಂದೇ ಸಾಲಿನಲ್ಲಿ ಹೇಳುತ್ತಿದ್ದರು: "ಬಳ್ಳಿಗೆ ಹೊಟ್ಟಿ ತುಂಬ ನೀರ ಕುಡಿಸಿದ್ರ ಹಣ್ಣಿನ್ಯಾಗೂ ನೀರ ಇರತೈತಿ."

ಜ್ವಾಲಾಮುಖಿಯ ಶಿಲೆ ಎಂದ ಮಾತ್ರಕ್ಕೆ ಮಣ್ಣು ಒಂದೇ ಆಗುವುದಿಲ್ಲ ಎಂಬುದಕ್ಕೆ ನಮ್ಮ ನೆಲಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಪುಣೆ, ನಾಸಿಕ, ವಿಜಯಪುರ ಎಲ್ಲವೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಬಸಾಲ್ಟ್ ಮೇಲೆ ಕುಳಿತಿವೆ. ಬಸಾಲ್ಟಿನಲ್ಲಿ ಮರಳಿನ ಮುಖ್ಯ ಅಂಶವಾದ ಸಿಲಿಕಾ ಕಡಿಮೆ. ಅದು ಸವೆದು ಜೇಡಿ ತುಂಬಿದ ಎರೆಮಣ್ಣಾಗುತ್ತದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ, ತಿಂಗಳುಗಟ್ಟಲೆ ನೀರು ಹಿಡಿದಿಡುವ ಮಣ್ಣು ಅದು. ಬೊಲ್ಜಾನೊದ ಪೊರ್ಫಿರಿಯಲ್ಲಿ ಸಿಲಿಕಾ ಹೆಚ್ಚು. ಅದು ಸವೆದರೆ ಮರಳು ಮತ್ತು ಕಲ್ಲು ಬೆರೆತ, ಹುಳಿ ಗುಣದ, ನೀರು ನಿಲ್ಲದ, ಬೇಗ ಬಿಸಿಯಾಗುವ ಮಣ್ಣಾಗುತ್ತದೆ. ಹುಟ್ಟು ಎರಡಕ್ಕೂ ಬೆಂಕಿಯದೇ, ಗುಣ ಮಾತ್ರ ತದ್ವಿರುದ್ಧ. ನಾನು ಇದನ್ನು ಹೇಳಿದಾಗ ಆ ಧಾರವಾಡದ ಹೆಣ್ಣುಮಗಳು ಬೇಸರಿಸದೆ, "ಹಂಗಂದ್ರ ಕಾಕಾ, ನಿಮ್ಮ ಎರಿ ಹೊಲಕ್ಕಿಂತ ಮಡ್ಡಿ ಹೊಲನ ತೆರ್ಲಾನೊಕ್ಕ ಹತ್ತರ ಅಂತೀರೇನ್ರಿ?" ಎಂದು ಕೇಳಿದರು. ಹೌದು, ನಾನು ಹೇಳಬೇಕೆಂದಿದ್ದುದು ಅದನ್ನೇ. ಗರಸು ಕಲ್ಲಿನ ತೆಳು ಮಣ್ಣಿನ ಮಡ್ಡಿಯಲ್ಲಿ ಕಾಳು ಚಿಕ್ಕದು, ಸವಿ ಹೆಚ್ಚು ಎಂಬುದು ನಮ್ಮ ಕಡೆಯ ಎಲ್ಲ ಬೆಳೆಗಾರರ ಅನುಭವ.

ಆದರೆ ಈ ಜೋಡಿಯಲ್ಲೂ ಒಂದು ಕೊರತೆಯಿತ್ತು. ಎರಡು ತೋಟಗಳ ಮಣ್ಣಷ್ಟೇ ಅಲ್ಲ, ಎತ್ತರವೂ ಬೇರೆ. ಹಾಗಾಗಿ ಅಪ್ಪಿಯಾನೊ ವೈನಿನ ನೆಟ್ಟಗಿನ ಹುಳಿಗೆ ಸುಣ್ಣಕಲ್ಲು ಕಾರಣವೋ, ಎತ್ತರದ ತಂಪು ಕಾರಣವೋ ಎಂದು ಬೇರ್ಪಡಿಸಿ ಹೇಳಲು ಆಗುವುದಿಲ್ಲ. ನನ್ನ ಅಂದಾಜಿನಲ್ಲಿ ತಂಪಿನ ಪಾಲೇ ದೊಡ್ಡದು. ಒಂದೇ ಎತ್ತರದ ಎರಡು ಮಣ್ಣುಗಳ, ಅಥವಾ ಒಂದೇ ಮಣ್ಣಿನ ಎರಡು ಎತ್ತರಗಳ ವೈನ್ ಇಟ್ಟಿದ್ದರೆ ಗೋಷ್ಠಿಯ ಉದ್ದೇಶಕ್ಕೆ ಪೂರ್ತಿ ನ್ಯಾಯ ಸಿಗುತ್ತಿತ್ತು.

ನಾಲ್ಕನೆಯದು ಗೆವ್ಯುರ್ಟ್ಸ್‌ಟ್ರಾಮಿನರ್ ಎಂಬ ದ್ರಾಕ್ಷಿಯ ಬಿಳಿ ವೈನ್. ಹೆಸರಿನ ಮೊದಲರ್ಧಕ್ಕೆ ಜರ್ಮನ್ ಭಾಷೆಯಲ್ಲಿ ಮಸಾಲೆ ಎಂದರ್ಥ, ಉಳಿದರ್ಧ ಇದೇ ಪ್ರಾಂತ್ಯದ ಟ್ರಾಮಿನ್ ಹಳ್ಳಿಯನ್ನು ಸೂಚಿಸುತ್ತದೆ. ಲೋಟ ಮೂಗಿನ ಬಳಿ ತರುವ ಮೊದಲೇ ಮದುವೆ ಮನೆಯ ಪನ್ನೀರಿನ ಪರಿಮಳ. ಅದರ ಹಿಂದೆ ಲಿಚಿ, ಸ್ವಲ್ಪ ಶುಂಠಿ. ಗುಲಾಬಿಗೂ ಲಿಚಿಗೂ ಈ ದ್ರಾಕ್ಷಿಗೂ ರೋಸ್ ಆಕ್ಸೈಡ್ ಎಂಬ ಒಂದೇ ಪರಿಮಳದ್ರವ್ಯ ಸಾಮಾನ್ಯವಾಗಿರುವುದರಿಂದ ಇದು ಬರಿಯ ಕಲ್ಪನೆಯಲ್ಲ. ಟ್ರಾಮಿನ್ ಸುತ್ತಲಿನ ಸುಣ್ಣ ಮತ್ತು ಜೇಡಿ ಬೆರೆತ ಮಣ್ಣು ಪೊರ್ಫಿರಿಗಿಂತ ಹೆಚ್ಚು ನೀರು ಹಿಡಿದು ತಂಪಾಗಿರುತ್ತದೆ; ನಿಧಾನವಾಗಿ ಮಾಗಿ ಪರಿಮಳ ತುಂಬಿಕೊಳ್ಳಬೇಕಾದ, ಸ್ವಭಾವತಃ ಹುಳಿ ಕಡಿಮೆಯಿರುವ ಈ ಹಣ್ಣಿಗೆ ಆ ತಂಪು ಒಪ್ಪುತ್ತದೆ. ವೈನ್ ಗುಣಮಟ್ಟದಲ್ಲಿ ದೋಷವಿಲ್ಲ, ಆದರೆ ಅರ್ಧ ಲೋಟಕ್ಕೆ ನನಗೆ ಸಾಕೆನಿಸಿತು.

ಐದನೆಯದಾಗಿ ಬಂದ ಸ್ಕಿಯಾವಾ ನನ್ನ ಮನಸ್ಸನ್ನು ಗೆದ್ದಿತು. ಬೊಲ್ಜಾನೊ ಮೇಲಿನ ಸಾಂತಾ ಮದ್ದಲೇನಾ ಬೆಟ್ಟದ, ಹಿಮನದಿ ಬಿಟ್ಟುಹೋದ ಸಡಿಲ ಕಲ್ಲುಮಣ್ಣಿನ ಇಳಿಜಾರಿನ ವೈನ್ ಇದು. ತಿಳಿ ಮಾಣಿಕ್ಯದ ಬಣ್ಣ, ಸ್ಟ್ರಾಬೆರಿ, ಕೊನೆಯಲ್ಲಿ ಬಾದಾಮಿಯ ಸಣ್ಣ ಕಹಿ. ಒಗರು ಇಲ್ಲವೆನ್ನುವಷ್ಟು ಕಡಿಮೆ. ಈ ಬಳ್ಳಿಯನ್ನು ಅಲ್ಲಿ ಮರದ ಚಪ್ಪರಕ್ಕೆ ಹಬ್ಬಿಸುತ್ತಾರೆ. ಗೊಂಚಲುಗಳು ಎಲೆಗಳ ನೆರಳಿನಲ್ಲಿ ಕೆಳಕ್ಕೆ ಜೋತಾಡುವ ಚಿತ್ರವನ್ನು ತೋರಿಸಿದಾಗ, ತಂತಿಯ ವೈ ಆಕಾರದ ಆಧಾರಗಳು ಬರುವ ಮೊದಲು ನಮ್ಮ ತೋಟದಲ್ಲಿದ್ದ ಚಪ್ಪರವೇ ಕಂಡಂತಾಯಿತು. ಅಲ್ಲಿಯೂ ಇಲ್ಲಿಯೂ ಹಣ್ಣನ್ನು ಬಿಸಿಲಿನ ಹೊಡೆತದಿಂದ ಕಾಯಲು ರೈತ ಅದೇ ಉಪಾಯಕ್ಕೆ ಬಂದಿದ್ದಾನೆ. ಮೊದಲು ಕುಡಿದ ಕೆರ್ನರ್ ಕೂಡ ಈ ಸ್ಕಿಯಾವಾದ ಸಂತಾನವೇ. ಜರ್ಮನಿಯಲ್ಲಿ ಟ್ರೋಲಿಂಗರ್ ಎಂದು ಕರೆಯುವ ಸ್ಕಿಯಾವಾ ತಳಿಯನ್ನು ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯ ಜೊತೆ 1929ರಲ್ಲಿ ಸಂಕರ ಮಾಡಿ ಪಡೆದ ತಳಿ ಕೆರ್ನರ್. ಈ ನಂಟನ್ನು ಗೋಷ್ಠಿಯಲ್ಲಿ ಹೇಳಲಿಲ್ಲ, ಹೇಳಬೇಕಿತ್ತು. ಪುಣೆಯ ಸೆಕೆಗೂ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿಯ ಊಟಕ್ಕೂ ಏಳರಲ್ಲಿ ಯಾವುದನ್ನಾದರೂ ಆರಿಸು ಎಂದರೆ ನಾನು ತಣ್ಣಗೆ ಮಾಡಿದ ಈ ಸ್ಕಿಯಾವಾವನ್ನೇ ಆರಿಸುತ್ತೇನೆ.

ಆರನೆಯ ಬಾಟಲಿ ಮಾತ್ಸೋನ್ ಇಳಿಜಾರಿನ ಪಿನೊ ನ್ವಾರ್ ಎಂಬ ಕೆಂಪು ವೈನ್. ಪಶ್ಚಿಮಕ್ಕೆ ಮುಖಮಾಡಿದ ಆ ಇಳಿಜಾರಿಗೆ ಬೆಳಗಿನ ಸೂರ್ಯ ತಡವಾಗಿ ತಲುಪುತ್ತಾನೆ, ಸಂಜೆಯ ಬಿಸಿಲು ಬಹಳ ಹೊತ್ತು ಉಳಿಯುತ್ತದೆ. ಒಂದು ಬೆಟ್ಟದ ಮುಖ ಯಾವ ದಿಕ್ಕಿಗಿದೆ ಎಂಬುದೇ ಹವಾಮಾನವನ್ನು ಬದಲಿಸುತ್ತದೆ ಎಂಬುದಕ್ಕೆ ಇದನ್ನು ಇಟ್ಟಿದ್ದರು. ಆದರೆ ಲೋಟದಿಂದ ಎದ್ದದ್ದು ಒದ್ದೆ ಗೋಣಿಚೀಲದ ವಾಸನೆ. ಬಿರಡೆಯಿಂದ ಬರುವ ದೋಷವಿದು, ತಯಾರಕರ ಅಥವಾ ಆತಿಥೇಯರ ಅಜಾಗರೂಕತೆಯಲ್ಲ. ಅವರೇ ಮೊದಲು ಮೂಸಿ, ಮುಚ್ಚುಮರೆಯಿಲ್ಲದೆ ದೋಷವನ್ನು ಒಪ್ಪಿಕೊಂಡು, ಆ ವಾಸನೆ ಹೇಗಿರುತ್ತದೆ ಎಂದು ಎಲ್ಲರಿಗೂ ಮೂಸಿಸಿ ಬಾಟಲಿಯನ್ನು ಬದಿಗಿಟ್ಟರು. ಕೊನೆಯಲ್ಲಿ ತಲಾ 400 ರೂಪಾಯಿ ಹಿಂದಿರುಗಿಸಿದರು. ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಇಷ್ಟಾದರೂ ಇಷ್ಟು ಶುಲ್ಕದ ಗೋಷ್ಠಿಗೆ ಕನಿಷ್ಠ ಕೆಂಪು ವೈನ್‌ಗಳಿಗಾದರೂ ಬದಲಿ ಬಾಟಲಿ ಇರಬೇಕು.

ಕೊನೆಯದು ಲಾಗ್ರೈನ್ ಎಂಬ ಕಪ್ಪು ದ್ರಾಕ್ಷಿಯ ವೈನ್, ಬೊಲ್ಜಾನೊ ನಗರದೊಳಗೇ ಇರುವ ಗ್ರೀಸ್ ಬಡಾವಣೆಯ ಸಮತಟ್ಟು ತೋಟಗಳದು. ಹೊಳೆ ಬೆಟ್ಟದಿಂದ ಇಳಿಸಿ ತಂದ ಪೊರ್ಫಿರಿಯ ಮರಳು ಮತ್ತು ಹರಳುಕಲ್ಲಿನ ನೆಲ, ಸುತ್ತಲೂ ಬಿಸಿಲನ್ನು ಹಿಡಿದಿಡುವ ಬೆಟ್ಟದ ಗೋಡೆಗಳು. ಮಾಗಲು ಸೆಕೆ ಬೇಕೇಬೇಕಾದ ಈ ಹಣ್ಣಿಗೆ ಪ್ರಾಂತ್ಯದ ಅತಿ ಬಿಸಿಯಾದ ಬೋಗುಣಿಯ ತಳವೇ ಮನೆ. ಬಣ್ಣ, ಒಗರು, ತುಟಿಗೆ ಅಂಟುವ ಕಪ್ಪು ಎಲ್ಲವೂ ನೇರಳೆಹಣ್ಣನ್ನು ಉಪ್ಪು ಹಚ್ಚದೆ ತಿಂದ ಹಾಗೆ. ಹಿಂದಿನಿಂದ ಕಹಿ ಚಾಕೊಲೇಟ್. ಕೆರ್ನರ್ ಮತ್ತು ಲಾಗ್ರೈನ್ ಬೆಳೆದ ನೆಲಗಳ ನಡುವೆ ರಸ್ತೆಯಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ ಎಂದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದಾಗ ಮೇಜಿನ ಸುತ್ತ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ತಿನಿಸಿನ ತಟ್ಟೆ ಸಾಧಾರಣ. ಅಲ್ಲಿನ ಹೊಗೆಯಾಡಿಸಿದ ಹಂದಿಮಾಂಸ ಸ್ಪೆಕ್ ಬೇಡವೆಂದವರಿಗೆ ಚೀಸ್, ಅಕ್ರೋಟು, ಸೇಬಿನ ಹೋಳು ಕೊಟ್ಟರು. ಚೀಸ್ ಎರಡೇ ಬಗೆ. ಉಗುಳಲು ಪ್ರತ್ಯೇಕ ಪಾತ್ರೆ, ಕುಡಿಯುವ ನೀರು, ಪ್ರತಿ ವೈನಿಗೂ ಬೇರೆ ಲೋಟ ಎಲ್ಲವೂ ಕ್ರಮವಾಗಿದ್ದವು. ಆಮದು ವೈನಿನ ಮೇಲೆ ಬಹುಕಾಲ ಶೇಕಡಾ 150ರಷ್ಟು ಸೀಮಾಸುಂಕವಿದ್ದ ದೇಶದಲ್ಲಿ ಇಂಥ ಏಳು ಬಾಟಲಿಗಳನ್ನು ಒಬ್ಬರೇ ಕೊಂಡು ತೆರೆಯುವುದು ಸಾಧ್ಯವಾಗದ ಮಾತು, ಆದ್ದರಿಂದ ಶುಲ್ಕ ದುಬಾರಿ ಎನಿಸಲಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಅತಿಯಾಗಿ ತಣ್ಣಗಾಗಿದ್ದ ಕೆರ್ನರ್‌ಗೆ, ಬದಲಿ ಬಾಟಲಿ ಇಲ್ಲದ್ದಕ್ಕೆ ಮತ್ತು ಕಲ್ಲಿನ ರುಚಿಯ ವಿವರಣೆಗೆ.

ಹೊರಡುವಾಗ ನನ್ನ ಆಕ್ಷೇಪಗಳನ್ನು ಅವರಿಗೆ ನೇರವಾಗಿಯೇ ತಿಳಿಸಿದೆ. ಫೆಬ್ರುವರಿಯಲ್ಲಿ ನಮ್ಮ ಕಡೆ ಕೊಯ್ಲು ಶುರುವಾಗುವ ಹೊತ್ತಿಗೆ, ಒಂದೇ ದ್ರಾಕ್ಷಿಯ ಮೂರು ಎತ್ತರಗಳನ್ನು ಮಾತ್ರ ಇಟ್ಟು ಇನ್ನೊಂದು ಗೋಷ್ಠಿ ಮಾಡುವ ವಿಚಾರವಿದೆ ಎಂದರು. ಬರುವಾಗ ಮಡ್ಡಿ ಹೊಲದ ಒಂದು ಗೊಂಚಲು, ಎರಿ ಹೊಲದ ಒಂದು ಗೊಂಚಲು ತರಬೇಕೆಂದು ಕೇಳಿದ್ದಾರೆ. ತರುತ್ತೇನೆ ಎಂದು ಒಪ್ಪಿ, ಸೀಟಿನ ಹಣ ಕಟ್ಟಿ ಬಂದಿದ್ದೇನೆ.